ಮೇಷ್ಟ್ರು, ಮುಖ್ಯ ಶಿಕ್ಷಕರು ಮತ್ತು ಎಐ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ "ಯಾರಿಗಾದರೂ ಡೌಟ್ ಇದೆಯಾ?" ಎಂದರೆ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಚಹಾ ಬಂದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ಕೇಳುತ್ತಾರೆ. ಇಲ್ಲಿರುವುದು ಹಾಗೆ ಚಹಾ ಹೊತ್ತಿನಲ್ಲಿ ಬಂದ ಪ್ರಶ್ನೆಗಳು. ಹೆಚ್ಚಿನವು ಸರ್ಕಾರಿ ಶಾಲೆಯ ಶಿಕ್ಷಕರದ್ದು, ಕೆಲವು ಮುಖ್ಯ ಶಿಕ್ಷಕರದ್ದು. ಅನುದಾನಿತ, ಖಾಸಗಿ ಶಾಲೆಯವರಿಗೂ ಬಹುಪಾಲು ಹೊಂದುತ್ತದೆ.

ಎಐ ಎಐ ಅಂತಾರಲ್ಲ, ನಮ್ಮ ಕೆಲಸದ ಮಟ್ಟಿಗೆ ಅದು ಏನು?

ಎಐ ಅಂದರೆ ಕೃತಕ ಬುದ್ಧಿಮತ್ತೆ. ನಮ್ಮ ಮಟ್ಟಿಗೆ, ನೀವು ಬರೆದದ್ದನ್ನೋ ಮಾತಾಡಿದ್ದನ್ನೋ ತಗೊಂಡು ಉತ್ತರ ಬರೆದು ಕೊಡುವ ಸಾಫ್ಟ್‌ವೇರ್. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಬಂತು. ಆಮೇಲೆ ಗೂಗಲ್‌ನ ಜೆಮಿನಿ, ಮೈಕ್ರೋಸಾಫ್ಟ್‌ನ ಕೋಪೈಲಟ್ ಬಂದವು. 2024ರ ಜೂನ್‌ನಲ್ಲಿ ಮೆಟಾ ಎಐ ನಮ್ಮ ವಾಟ್ಸಾಪ್‌ನೊಳಗೇ ಬಂದು ಕೂತಿತು. ಇವೆಲ್ಲ ಮಾಡುವ ಕೆಲಸ ಮೂಲದಲ್ಲಿ ಒಂದೇ. ಈವರೆಗಿನ ಪದಗಳನ್ನು ನೋಡಿ ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕುತ್ತಾ ಹೋಗುವುದು. ಹಾಗಾಗಿ ಗೊತ್ತಿಲ್ಲದ ಕಡೆಯೂ ಅದು ತಡವರಿಸುವುದು ಕಡಿಮೆ. ಸರಿಯನ್ನೂ ತಪ್ಪನ್ನೂ ಒಂದೇ ಧೈರ್ಯದಲ್ಲಿ ಹೇಳಿಬಿಡುತ್ತದೆ.

ಸರಿ, ಎಲ್ಲಿಂದ ಶುರು ಮಾಡಲಿ? ಯಾವ ಆ್ಯಪ್ ಹಾಕಿಕೊಳ್ಳಲಿ?

ಆ್ಯಪ್ ಆಮೇಲೆ ನೋಡೋಣ. ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ.

ಲಾಂಗ್ ಬೆಲ್ ಹೊಡೆದು ಮಕ್ಕಳು ಹೋದ ಮೇಲೆ, ಬೀರುವಿಗೆ ಬೀಗ ಹಾಕುವ ಮುಂಚೆ, ಡೈರಿಯಲ್ಲಿ ಮೂರು ಸಾಲು ಬರೆಯಿರಿ. ಇವತ್ತು ಮಕ್ಕಳು ಎಲ್ಲಿ ತಪ್ಪಿದರು? ಯಾರು ಇಡೀ ದಿನ ಬಾಯಿ ಬಿಡಲಿಲ್ಲ? ನಾಳೆ ಮೊದಲು ಏನು ಕೇಳಬೇಕು? ಅಷ್ಟೇ. ಉದಾಹರಣೆಗೆ ಹೀಗೆ:

"0.35, 0.4 ಎರಡರಲ್ಲಿ ಯಾವುದು ದೊಡ್ಡದು ಅಂದೆ. ಬಹಳ ಜನ 0.35 ಅಂದರು. ಕಿಟಕಿ ಪಕ್ಕದ ಹುಡುಗಿ ಇವತ್ತೂ ಮಾತಾಡಲಿಲ್ಲ. ನಾಳೆ ರೂಪಾಯಿ ಪೈಸೆಯಲ್ಲಿ ಕೇಳಬೇಕು."

ಇಷ್ಟು ಬರೆಯಲು ಐದು ನಿಮಿಷವೂ ಬೇಡ. ಆದರೆ ಇದು ಇಲ್ಲದಿದ್ದರೆ ಎಐ ಹತ್ತಿರ ಕೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ. "ದಶಮಾಂಶಕ್ಕೆ ಪಾಠ ಯೋಜನೆ ಕೊಡು" ಎಂದರೆ ಎರಡು ಪುಟ ಕೊಡುತ್ತದೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ. ನಿಮ್ಮ ತರಗತಿಯ ಯಾವ ಮಗುವೂ ಅದರಲ್ಲಿ ಇರುವುದಿಲ್ಲ. ಎಐ ಬಂದ ಮೇಲೆ ಶಾಲೆಗಳಲ್ಲಿ ಕಾಗದ ಜಾಸ್ತಿಯಾಗಿ ಕಲಿಕೆ ಇದ್ದಲ್ಲೇ ಉಳಿದರೆ, ಅದಕ್ಕೆ ಕಾರಣ ಈ ಮೂರು ಸಾಲು ಬರೆಯದೇ ಇರುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಮೂರು ಸಾಲು ಇಟ್ಟುಕೊಂಡು ಎಐ ಹತ್ತಿರ ಏನು ಕೇಳುವುದು?

ಮೇಲಿನ ಡೈರಿಯನ್ನೇ ತಗೊಳ್ಳೋಣ. ಮಕ್ಕಳು 0.35 ದೊಡ್ಡದು ಎಂದದ್ದು ಯಾಕೆ? ಬಿಂದುವಿನ ಆಚೆ ಇರುವ 35 ಮತ್ತು 4ನ್ನು ಪೂರ್ಣ ಸಂಖ್ಯೆಯ ಹಾಗೆ ಓದಿದ್ದಾರೆ. ಇದು ತುಂಬ ಮಕ್ಕಳಲ್ಲಿ ಕಾಣುವ ತಪ್ಪು ಕಲ್ಪನೆ. ಈಗ ಎಐಗೆ ಹೀಗೆ ಬರೆಯಿರಿ:

"ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಮಕ್ಕಳು 0.4ಕ್ಕಿಂತ 0.35 ದೊಡ್ಡದು ಅನ್ನುತ್ತಾರೆ. ಬಿಂದುವಿನ ನಂತರದ ಅಂಕಿಗಳನ್ನು ಪೂರ್ಣ ಸಂಖ್ಯೆ ಅಂತ ಓದುತ್ತಾರೆ. ಈ ತಪ್ಪು ಕಲ್ಪನೆ ಇರುವ ಮಗು ತಪ್ಪು ಉತ್ತರ ಕೊಡುವಂಥ ಆರು ಪ್ರಶ್ನೆ ಬರೆ. ಎರಡರಲ್ಲಿ ರೂಪಾಯಿ ಪೈಸೆ, ಎರಡರಲ್ಲಿ ಮೀಟರ್ ಸೆಂಟಿಮೀಟರ್ ಬರಲಿ. ಒಂದೊಂದು ಪ್ರಶ್ನೆಗೂ ತಪ್ಪು ಕಲ್ಪನೆ ಇರುವ ಮಗು ಏನು ಉತ್ತರ ಕೊಡಬಹುದು ಎಂದು ಪಕ್ಕದಲ್ಲಿ ಬರೆ."

ಅರ್ಧ ನಿಮಿಷದಲ್ಲಿ ಪ್ರಶ್ನೆಗಳು ಬರುತ್ತವೆ. ಈಗ ಪೆನ್ಸಿಲ್ ಹಿಡಿದು ಕೂರಿ. "0.2, 0.7 ಯಾವುದು ದೊಡ್ಡದು?" ಎಂಬ ಪ್ರಶ್ನೆ ಅದರಲ್ಲಿ ಇದ್ದರೆ ಹೊಡೆದುಹಾಕಿ. ತಪ್ಪಾಗಿ ಯೋಚಿಸುವ ಮಗುವೂ 2ಕ್ಕಿಂತ 7 ದೊಡ್ಡದು ಅಂದುಕೊಂಡು ಸರಿ ಉತ್ತರವನ್ನೇ ಕೊಡುತ್ತದೆ. ಆ ಪ್ರಶ್ನೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ. "0.8, 0.62" ಇಟ್ಟುಕೊಳ್ಳಿ. "0.5, 0.50" ಕೂಡ ಇರಲಿ, ಎರಡೂ ಒಂದೇ ಎನ್ನಲು ಮಕ್ಕಳು ಹಿಂದೆಮುಂದೆ ನೋಡುತ್ತಾರೆ. ಜೊತೆಗೆ "0.3, 0.45" ಅನ್ನು ನೀವೇ ಸೇರಿಸಿ. ಯಾಕೆಂದರೆ ನಿನ್ನೆ ನೀವು ತಿದ್ದಿದ ಮೇಲೆ ಕೆಲವು ಮಕ್ಕಳು "ಅಂಕಿ ಕಡಿಮೆ ಇದ್ದದ್ದೇ ದೊಡ್ಡದು" ಎಂಬ ಹೊಸ ನಿಯಮವನ್ನು ತಾವೇ ಮಾಡಿಕೊಂಡಿರುತ್ತಾರೆ. ಅವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಪ್ರಶ್ನೆ ಬರೆದದ್ದು ಎಐ. ಯಾವುದು ಇರಬೇಕು, ಯಾವುದು ಬೇಡ ಎಂದು ಸೋಸಿದ್ದು ನೀವು. ಒಂದು ವರ್ಷ ಹೀಗೆ ಸೋಸುತ್ತಾ ಹೋದರೆ ಮಕ್ಕಳ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಯಾವ ತರಬೇತಿಗಿಂತ ಚೆನ್ನಾಗಿ ನಿಮಗೆ ತಿಳಿಯುತ್ತದೆ.

(ಇನ್ನೊಂದು ಮಾತು. ಭಿನ್ನರಾಶಿ ಕೇಳಿದರೆ ಎಐ ಪಿಜ್ಜಾ ಕತ್ತರಿಸಲು ಓಡುತ್ತದೆ. ರೊಟ್ಟಿ ಅಂತ ತಿದ್ದಿ.)

ಪಾಠ ಟಿಪ್ಪಣಿಯನ್ನು ಪೂರ್ತಿ ಅದರಿಂದಲೇ ಬರೆಸಿದರೆ ತಪ್ಪಾ?

ತಪ್ಪೇನಿಲ್ಲ. ಕರ್ನಾಟಕದಲ್ಲೇ ಇದರ ಪ್ರಯೋಗ ನಡೆದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ "ಶಿಕ್ಷಾ ಕೋಪೈಲಟ್" ಎಂಬ ಸಾಧನವನ್ನು 2023ರಲ್ಲಿ ನಮ್ಮ ಕೆಲವು ಸರ್ಕಾರಿ ಶಾಲೆಗಳ ಶಿಕ್ಷಕರ ಕೈಗೆ ಕೊಟ್ಟರು. ಪಾಠ ಯೋಜನೆ ತಯಾರಿಸುವ ಹೊರೆ ಇಳಿಸುವುದೇ ಅದರ ಉದ್ದೇಶ.

ಆದರೆ ಟಿಪ್ಪಣಿ ಬರೆಯುವುದು ಯಾರಿಗಾಗಿ? ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸಲು ಮಾತ್ರ ಆದರೆ ಎಐ ಬರೆದರೂ ಒಂದೇ, ಹೋದ ವರ್ಷದ್ದನ್ನು ನಕಲು ಮಾಡಿದರೂ ಒಂದೇ. ನಾಳೆ ತರಗತಿಗೆ ಹೋಗಲು ಎಂದಾದರೆ ಎಐ ಕೊಟ್ಟ ಯೋಜನೆಯಲ್ಲಿ ಎರಡು ಜಾಗ ನಿಮ್ಮ ಕೈಬರಹದಲ್ಲಿ ಇರಲಿ. ಮೊದಲ ಪ್ರಶ್ನೆ, ಮತ್ತು ಮಕ್ಕಳು ಎಡವಬಹುದು ಎಂದು ನಿಮಗೆ ಅನಿಸುವ ಜಾಗ.

ಪ್ರಶ್ನೆಪತ್ರಿಕೆ, ಅಂಕಪಟ್ಟಿ ಕೆಲಸಕ್ಕೆ?

ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ ಕೊಟ್ಟರೆ ಕರಡು ಚೆನ್ನಾಗಿ ಮಾಡುತ್ತದೆ. ಅಂಕಗಳ ಮೊತ್ತ ಮಾತ್ರ ನೀವೇ ಕೂಡಿ. 40 ಅಂಕ ಎಂದು ತಲೆಬರಹ ಹಾಕಿ ಒಳಗೆ 38 ಇಟ್ಟಿರಬಹುದು. ಮಕ್ಕಳ ಅಂಕಗಳನ್ನು ಕೂಡಿಸಲು, ಸರಾಸರಿ ತೆಗೆಯಲು ಪಟ್ಟಿಯನ್ನು ಅದಕ್ಕೆ ಕೊಡಬೇಡಿ. "ಎಕ್ಸೆಲ್‌ನಲ್ಲಿ ಇದಕ್ಕೆ ಯಾವ ಸೂತ್ರ ಹಾಕಬೇಕು?" ಎಂದು ಕೇಳಿ. ಸೂತ್ರ ಒಮ್ಮೆ ಸರಿ ಬಂದರೆ ಮುಂದಿನ ಪರೀಕ್ಷೆಗೂ ಆಗುತ್ತದೆ, ಮಕ್ಕಳ ಅಂಕ ನಿಮ್ಮ ಕಂಪ್ಯೂಟರ್ ಬಿಟ್ಟು ಆಚೆಗೂ ಹೋಗುವುದಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ಅದರ ಕನ್ನಡವನ್ನು ಎಷ್ಟು ನಂಬಬಹುದು?

ಮೇಡಂ, ಎರಡು ಕಡೆ ಕಣ್ಣಿಡಿ.

ಮೊದಲನೆಯದು ವಚನ, ಕಾವ್ಯ. ಬಸವಣ್ಣನವರ ವಚನ ಕೊಡು ಎಂದರೆ ಕೊನೆಗೆ ಕೂಡಲಸಂಗಮದೇವ ಎಂದು ಅಂಕಿತ ಹಾಕಿ ಸೊಗಸಾದ ನಾಲ್ಕು ಸಾಲು ಕೊಟ್ಟುಬಿಡುತ್ತದೆ. ಆ ಸಾಲು ಬಸವಣ್ಣನವರದ್ದೇ ಎನ್ನುವುದಕ್ಕೆ ಖಾತ್ರಿ ಇಲ್ಲ. ಅಕ್ಕನ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಗುಹೇಶ್ವರ ಅಂಕಿತದ್ದೂ ಇದೇ ಕಥೆ. ಧಾಟಿ ಸರಿ ಇರುತ್ತದೆ, ಅದಕ್ಕೇ ಮೋಸ ಹೋಗುವುದು. ಮಕ್ಕಳ ಮುಂದೆ ಇಡುವ ಮೊದಲು ಪಠ್ಯಪುಸ್ತಕದಲ್ಲೋ ಅಚ್ಚಾದ ವಚನ ಸಂಪುಟದಲ್ಲೋ ಸಿಗುತ್ತದಾ ನೋಡಿ. ಸಿಗದಿದ್ದರೆ ಬಿಟ್ಟುಬಿಡಿ.

ಎರಡನೆಯದು ಛಂದಸ್ಸು. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 3, 4, 3, 4 ಮಾತ್ರೆಯ ಗಣಗಳು, ಒಟ್ಟು 14. ಮೂರು ಮತ್ತು ಆರನೇ ಸಾಲು ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು (ಎರಡು ಮಾತ್ರೆ) ಸೇರಿ 23. ಈ ಲಕ್ಷಣವನ್ನು ಎಐ ಸಾಮಾನ್ಯವಾಗಿ ಸರಿಯಾಗಿಯೇ ಒಪ್ಪಿಸುತ್ತದೆ. ಪದ್ಯ ಕೊಟ್ಟು ಪ್ರಸ್ತಾರ ಹಾಕು, ಅಂದರೆ ಲಘು ಗುರು ಗುರುತಿಸು, ಎಂದಾಗ ಎಡವುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದನ್ನು ಅಲ್ಲಲ್ಲಿ ಮರೆಯುತ್ತದೆ. ಅದು ಪದಗಳನ್ನು ನೋಡುವುದು ತುಂಡು ತುಂಡಾಗಿ. ಆ ತುಂಡುಗಳು ನಮ್ಮ ಅಕ್ಷರಗಳ ಗಡಿಗೆ ಸರಿಯಾಗಿ ಕೂರುವುದಿಲ್ಲ. ಹತ್ತನೇ ತರಗತಿಯ ಜಾಣ ಮಗು ಇದನ್ನು ಎಐಗಿಂತ ಚೆನ್ನಾಗಿ ಮಾಡುತ್ತದೆ. ಬೇಕಿದ್ದರೆ ಎಐ ಹಾಕಿದ ಪ್ರಸ್ತಾರವನ್ನು ಬೋರ್ಡಿನ ಮೇಲೆ ಬರೆದು "ತಪ್ಪು ಹುಡುಕಿ" ಅನ್ನಿ. ಮಕ್ಕಳಿಗೆ ಖುಷಿಯೋ ಖುಷಿ.

ಚೆನ್ನಾಗಿ ಮಾಡುವ ಕೆಲಸವೂ ಇದೆ. ಒಂದೇ ಗದ್ಯಭಾಗವನ್ನು ಮೂರು ಹಂತದಲ್ಲಿ ಬರೆದು ಕೊಡು ಎಂದು ಕೇಳಿ. ಸರಾಗವಾಗಿ ಓದುವವರಿಗೆ ಒಂದು, ತಡವರಿಸುವವರಿಗೆ ಚಿಕ್ಕ ವಾಕ್ಯಗಳದ್ದು, ಒತ್ತಕ್ಷರ ಇನ್ನೂ ಬಾರದವರಿಗೆ ಸರಳ ಪದಗಳದ್ದು. ಒಂದೇ ಕೋಣೆಯಲ್ಲಿ ಮೂರು ಹಂತದ ಮಕ್ಕಳನ್ನು ಇಟ್ಟುಕೊಂಡಿರುವವರಿಗೆ ಇದು ದೊಡ್ಡ ಆಸರೆ. ಮೂರನೆಯದರಲ್ಲಿ ಒತ್ತಕ್ಷರ ನುಸುಳಿಯೇ ಇರುತ್ತದೆ, ತೆಗೆದುಹಾಕಿ.

ಹಳೆಯ ಫೈಲ್‌ನಿಂದ ಕಾಪಿ ಮಾಡಿ ಹಾಕಿದರೆ ಏನೇನೋ ಅಕ್ಷರ ಬರುತ್ತದೆ. ಯಾಕೆ?

ಹಳೆಯ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಹಾಗಾಗುತ್ತದೆ. ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕೆಲವು ಪಿಡಿಎಫ್‌ಗಳದ್ದೂ ಇದೇ ಪಾಡು. ಎಲ್ಲ ಕಂಪ್ಯೂಟರ್, ಫೋನುಗಳೂ ಓದುವ ಯೂನಿಕೋಡ್ ಎಂಬ ಅಕ್ಷರ ವ್ಯವಸ್ಥೆಗೆ ಪರಿವರ್ತಿಸಿ ಹಾಕಿ. ಅದು ರಗಳೆ ಅನಿಸಿದರೆ ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ, ಅದು ಓದಿಕೊಡುತ್ತದೆ. ಇನ್ನು ಮೇಲೆ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ. ಟೈಪಿಂಗ್ ಬಾರದವರು ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಸಾಕು.

ಡೈರಿ ಬರೆಯೋದು ನಾಲ್ಕು ದಿನ ನಡೆಯುತ್ತೆ, ಐದನೇ ದಿನ ನಿಲ್ಲುತ್ತೆ. 21 ದಿನ ಮಾಡಿದರೆ ಅಭ್ಯಾಸ ಆಗುತ್ತಂತೆ, ನಿಜವಾ?

21ರ ಲೆಕ್ಕವನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ಇದನ್ನೇ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. 96 ಜನ ಅದರಲ್ಲಿ ಪಾಲ್ಗೊಂಡಿದ್ದರು. ಒಂದು ಹೊಸ ಕೆಲಸ ತನ್ನಷ್ಟಕ್ಕೆ ಆಗುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು ಎನಿಸಿದರೆ ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಮಗೆ ಬೇಕಾದ ವಿಷಯ ಅದರಲ್ಲಿ ಇನ್ನೊಂದಿದೆ. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ.

ಹಾಗಾಗಿ ಚುನಾವಣೆ ಡ್ಯೂಟಿ, ಗಣತಿ, ಪ್ರತಿಭಾ ಕಾರಂಜಿ ಎಂದು ಡೈರಿ ತಪ್ಪಿದರೆ "ಮುಂದಿನ ಒಂದನೇ ತಾರೀಖಿನಿಂದ" ಅನ್ನಬೇಡಿ. ಮರುದಿನ ಬೀರುವಿಗೆ ಬೀಗ ಹಾಕುವಾಗ ಬರೆಯಿರಿ. ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ಅಂಟಿಸಿಕೊಂಡರೆ ನೆನಪಿಡುವ ಕಷ್ಟ ಇರುವುದಿಲ್ಲ. ಡೈರಿಯನ್ನು ಬೀರುವಿನೊಳಗೆ ಬೀಗದ ಪಕ್ಕದಲ್ಲೇ ಇಡಿ.

ನನ್ನ ಪಾಠ ಹೇಗಿದೆ ಅಂತ ಎಐ ಹೇಳುತ್ತದಾ?

ಧ್ವನಿಮುದ್ರಣ ಕೊಟ್ಟರೆ ಬರಹಕ್ಕಿಳಿಸುವ ಸಾಧನಗಳಿವೆ. ಆದರೆ ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು, ಕಲಬುರಗಿ ಕಡೆಯ ಕನ್ನಡ ಅಥವಾ ಕುಂದಾಪುರದ ಕನ್ನಡ, ಮೇಲೆ ತಗಡಿನ ಮಾಡು. ಅದಕ್ಕೆ ತಲೆಬುಡ ಅರ್ಥವಾಗುವುದಿಲ್ಲ. ಮಕ್ಕಳ ಧ್ವನಿಯನ್ನು ಯಾವುದೋ ಸರ್ವರ್‌ಗೆ ಕಳಿಸುವುದೂ ಸರಿಯಲ್ಲ.

ಇದಕ್ಕೆ ಹಳೆಯ ದಾರಿಯೇ ಚೆನ್ನ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ನೀವು ಒಂದು ಪಾಠವನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಮನೆಯಲ್ಲಿ ಒಬ್ಬರೇ ಕೇಳಿ. ಕಾದ ಪ್ರಶ್ನೆಗೆ ಒಂದು ಕಡೆ ಗೀಟು, ಕಾಯದೇ ನೀವೇ ಉತ್ತರ ಹೇಳಿದ ಪ್ರಶ್ನೆಗೆ ಇನ್ನೊಂದು ಕಡೆ ಗೀಟು ಹಾಕುತ್ತಾ ಹೋಗಿ. ಆಮೇಲೆ ಅಳಿಸಿಬಿಡಿ. ನಮ್ಮ ಧ್ವನಿ ನಾವೇ ಕೇಳೋದು ಮುಜುಗರವೇ, ಹತ್ತು ನಿಮಿಷ ಸಹಿಸಿಕೊಳ್ಳಿ.

ನಾನು ಎಚ್.ಎಂ. (ಮುಖ್ಯ ಶಿಕ್ಷಕ). ದಿನವೆಲ್ಲ ಸುತ್ತೋಲೆ, ಮಾಹಿತಿ, ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ), ಬಿಸಿಯೂಟದ ಲೆಕ್ಕದಲ್ಲೇ ಹೋಗುತ್ತದೆ. ಬೆಳೆಯೋದು ಯಾವಾಗ?

"ತುರ್ತು" ಎಂದು ಬರೆಯದ ಸುತ್ತೋಲೆಯನ್ನು ಇತ್ತೀಚೆಗೆ ಯಾರಾದರೂ ನೋಡಿದ್ದೀರಾ? ಎಐ ನಿಜಕ್ಕೂ ಕೈಹಿಡಿಯುವ ಜಾಗ ಇದೇ. ಆರು ಪುಟದ ಸುತ್ತೋಲೆ ಕೊಟ್ಟು ನಾಲ್ಕೇ ಪ್ರಶ್ನೆ ಕೇಳಿ. ಯಾರು ಮಾಡಬೇಕು, ಏನು ಮಾಡಬೇಕು, ಯಾವ ನಮೂನೆಯಲ್ಲಿ, ಯಾವ ದಿನದೊಳಗೆ. ದಿನಾಂಕವನ್ನು ಮಾತ್ರ ಮೂಲದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆದ ಮಾತನ್ನು ಫೋನಿಗೆ ಬಾಯಲ್ಲಿ ಹೇಳಿ ನಡಾವಳಿಯ ಕರಡು ಮಾಡಿಸಿ. ಸದಸ್ಯರ ಸಹಿ ಹಾಕಿಸುವ ಮುಂಚೆ ಗಟ್ಟಿಯಾಗಿ ಓದಿ ಹೇಳಿ. ಸಭೆಯಲ್ಲಿ ಯಾರೂ ಆಡದ ಮಾತು ಅದರಲ್ಲಿ ಸೇರಿರಬಹುದು.

ಈಗ ಮುಖ್ಯ ವಿಷಯ. ಹೀಗೆ ಉಳಿದ ಹೊತ್ತನ್ನು ಮತ್ತೆ ಕಾಗದಕ್ಕೇ ಕೊಡಬೇಡಿ. ದಿನಕ್ಕೆ ಹತ್ತು ನಿಮಿಷ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿ. ನೀವೇ ಪಾಠವನ್ನೂ ಮಾಡುವ ಪ್ರಭಾರಿ ಆಗಿದ್ದರೆ ವಾರಕ್ಕೆರಡು ಸಲ. ಶಿಕ್ಷಕರನ್ನು ನೋಡಬೇಡಿ, ಪಕ್ಕದ ಮಗುವಿನ ನೋಟ್‌ಬುಕ್ ನೋಡಿ. ಆಮೇಲೆ ವರಾಂಡದಲ್ಲಿ ನಿಂತು ಒಂದೇ ಮಾತು ಹೇಳಿ:

"ಮೇಡಂ, ನೀವು ಪ್ರಶ್ನೆ ಕೇಳಿದಾಗ ಹಿಂದಿನ ಸಾಲಿನವರೆಲ್ಲ ತಲೆ ತಗ್ಗಿಸಿ ಬರೀತಾ ಇದ್ದರು. ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ, ಬೋರ್ಡಿನ ಮೇಲಿದ್ದ ಹಿಂದಿನ ಉತ್ತರ ಇಳಿಸಿಕೊಳ್ತಾ ಇದ್ದರು. ಅವರು ಬರೆದು ಮುಗಿಸಿದ ಮೇಲೆ ಕೇಳಿದರೆ ಹೇಗೆ?"

ಇದರಲ್ಲಿ ಬೈಗುಳ ಇಲ್ಲ, ಉಪದೇಶ ಇಲ್ಲ. ಕಂಡದ್ದಿದೆ, ಒಂದು ಪ್ರಶ್ನೆ ಇದೆ. ಮುಂದಿನ ವಾರ ಅದೇ ತರಗತಿಗೆ ಹೋಗಿ ಅದೊಂದನ್ನೇ ನೋಡಿ. ಹೋದ ಸಲದ್ದು ನೆನಪಿಲ್ಲದೆ ಹೊಸದೊಂದು ಹೇಳುವ ಎಚ್.ಎಂ. ಮಾತನ್ನು ಶಿಕ್ಷಕರು ತಲೆಗೆ ಹಾಕಿಕೊಳ್ಳುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ.

ಆ ವೀಕ್ಷಣಾ ವರದಿಯನ್ನು ಎಐಯಿಂದ ಬರೆಸಬಹುದಾ?

ಬೇಡ. "ಬೋಧನೆ ಪರಿಣಾಮಕಾರಿಯಾಗಿತ್ತು, ಇನ್ನಷ್ಟು ಚಟುವಟಿಕೆ ಅಳವಡಿಸಿಕೊಳ್ಳುವುದು" ಎಂದು ಬರೆಯಲು ಅದು ಬೇಕಾಗಿಲ್ಲ. ಅದನ್ನು ನಾವೇ ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದೇವೆ.

ಮಕ್ಕಳ ಹೆಸರು, ವಿವರ ಅದರಲ್ಲಿ ಹಾಕಬಹುದಾ?

ಹಾಕಬಾರದು. ಹೆಸರು, ಫೋಟೋ, ಆಧಾರ್, ಎಸ್‌ಎಟಿಎಸ್ ಸಂಖ್ಯೆ, ಜಾತಿ, ಕಾಯಿಲೆ, ಅಂಗವೈಕಲ್ಯ, ಮನೆಯ ತಾಪತ್ರಯ, ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. "ಒಬ್ಬ ವಿದ್ಯಾರ್ಥಿ, ಏಳನೇ ತರಗತಿ, ಗುಣಾಕಾರ ಬರುತ್ತದೆ, ಭಾಗಾಕಾರ ಬರುವುದಿಲ್ಲ" ಎಂದರೆ ಎಐಗೆ ಅಷ್ಟೇ ಸಾಕು. ಚಿಕ್ಕ ಊರಿನಲ್ಲಿ ಶಾಲೆ, ತರಗತಿ, ಕಾಯಿಲೆ ಮೂರು ಹೇಳಿದರೂ ಮಗು ಯಾರೆಂದು ಗೊತ್ತಾಗುತ್ತದೆ. ಅದೂ ನೆನಪಿರಲಿ.

ಮಕ್ಕಳು ಎಐಯಿಂದ ಪ್ರಬಂಧ ಬರೆಸಿ ತಂದರೆ ಹಿಡಿಯೋದು ಹೇಗೆ?

ಹಿಡಿಯುವ ಸಾಫ್ಟ್‌ವೇರ್‌ಗಳನ್ನು ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು ಬಿಟ್ಟು, ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ತೋರಿಸಿದ್ದು ಇನ್ನೂ ಕೆಟ್ಟದ್ದು. ಇಂಗ್ಲಿಷ್ ಮನೆಮಾತಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಎಐ ಬರೆದದ್ದು ಎಂದವು. ನಮ್ಮ ಮಕ್ಕಳ ಇಂಗ್ಲಿಷ್‌ಗೂ ಇದೇ ಗತಿಯಾದೀತು.

"ನಮ್ಮ ಊರ ಜಾತ್ರೆ" ಎಂದು ಬರೆಯಲು ಕೊಡುವ ಬದಲು "ಈ ಸಲ ನಮ್ಮ ಜಾತ್ರೆಯಲ್ಲಿ ನೀನು ಕಂಡ ಒಂದು ಅಂಗಡಿ" ಎಂದು ಕೊಡಿ. ತರಗತಿಯಲ್ಲೇ ಬರೆಸಿ. ಬರೆದ ಮೇಲೆ ಎರಡು ಪ್ರಶ್ನೆ ಬಾಯಲ್ಲಿ ಕೇಳಿ. ವಯಸ್ಸಿನ ವಿಷಯದಲ್ಲಿ ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ಕನಿಷ್ಠ 13 ವರ್ಷ ಎಂದಿದೆ. ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಇದನ್ನು ಕೊಡುವ ಅವಸರ ಏನಿಲ್ಲ.

ದುಡ್ಡು ಕೊಟ್ಟು ತಗೋಬೇಕಾ?

ಇಲ್ಲ. ಇಲ್ಲಿ ಹೇಳಿದ್ದಕ್ಕೆಲ್ಲ ಉಚಿತದ್ದೇ ಸಾಕು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮನೆಯಲ್ಲಿ ಮಾಡಿಕೊಂಡು ಬನ್ನಿ.

ವರ್ಷಕ್ಕೆ 50 ಗಂಟೆ ತರಬೇತಿ ಅಂತಾರೆ. ಅದು ಸಾಲದಾ?

ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ಅವಕಾಶ ಇರಬೇಕು ಎಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಮುಖ್ಯ ಶಿಕ್ಷಕರಿಗೂ ಹೆಚ್ಚುಕಡಿಮೆ ಹಾಗೇ ಇದೆ. ರಾಜ್ಯಕ್ಕೆ ತನ್ನದೇ ನೀತಿ ಬೇಕೆಂಬ ಚರ್ಚೆ ಬೇರೆ, ಇಲ್ಲಿ ಬೇಡ. ಸರ್ಕಾರದ ಆನ್‌ಲೈನ್ ತರಬೇತಿ ವೇದಿಕೆ ದೀಕ್ಷಾದಲ್ಲಿ ವಿಡಿಯೋ ಓಡಲು ಬಿಟ್ಟು ಅಡುಗೆ ಮಾಡಿ ಪ್ರಮಾಣಪತ್ರ ಇಳಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೋರ್ಸ್ ನೋಡುವಾಗ ಎಐಯನ್ನು ಹೀಗೆ ಬಳಸಿ ನೋಡಿ: "ಈ ವಿಷಯದ ಮೇಲೆ ನನಗೆ ಒಂದೊಂದೇ ಪ್ರಶ್ನೆ ಕೇಳು. ನಾನು ಉತ್ತರಿಸಿದ ಮೇಲೆ ಮುಂದಿನದ್ದಕ್ಕೆ ಹೋಗು. ಸುಲಭಕ್ಕೆ ಒಪ್ಪಬೇಡ." ಕೊನೆಯ ಮಾತು ಮುಖ್ಯ. ಇಲ್ಲದಿದ್ದರೆ ನೀವು ಏನು ಹೇಳಿದರೂ "ಅದ್ಭುತ ಉತ್ತರ!" ಎನ್ನುತ್ತದೆ.

ನನಗೆ ನಿವೃತ್ತಿಗೆ ಎರಡು ವರ್ಷ ಇದೆ. ಇದೆಲ್ಲ ನನಗ್ಯಾಕೆ ಸಾರ್?

ಈ ಪ್ರಶ್ನೆ ಕೇಳುವವರೇ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಬಲ್ಲರು. ಎಐ ತಪ್ಪು ಹೇಳಿದರೆ ಥಟ್ಟನೆ ಹಿಡಿಯಲು ಅನುಭವ ಬೇಕು, ಅದು ನಿಮ್ಮಲ್ಲಿದೆ. ಹೊಸದಾಗಿ ಬಂದ ಶಿಕ್ಷಕರಿಗೆ ಫೋನ್ ಗೊತ್ತು, ಮೂರನೇ ತರಗತಿ ಮಗು ಸಾಲ ತಗೊಂಡು ಕಳೆಯುವ ಲೆಕ್ಕದಲ್ಲಿ ಎಲ್ಲಿ ಎಡವುತ್ತದೆ ಎಂದು ಇನ್ನೂ ಗೊತ್ತಿಲ್ಲ. ನಿಮ್ಮ ವಿಷಯದಲ್ಲಿ ಮಕ್ಕಳು ವರ್ಷಾವರ್ಷ ಮಾಡುವ ತಪ್ಪುಗಳನ್ನು ಫೋನಿನ ಮೈಕ್ ಒತ್ತಿ ಹೇಳುತ್ತಾ ಹೋಗಿ. ದಿನಕ್ಕೆರಡು ಸಾಕು. ಪಾಠವಾರು ಜೋಡಿಸಿ ಕೊಡು ಎಂದು ಎಐಗೆ ಹೇಳಿ. ನೀವು ಹೇಳದ ತಪ್ಪು ಒಳಗೆ ಸೇರಿದ್ದರೆ ಹೊಡೆದುಹಾಕಿ. ಪ್ರಿಂಟ್ ತೆಗೆದು ಒಂದು ಪ್ರತಿಯನ್ನು ನಿಮ್ಮ ಜಾಗಕ್ಕೆ ಬರುವವರಿಗೆ ಬೀರುವಿನಲ್ಲಿಡಿ, ಇನ್ನೊಂದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರಿಗೆ ಕೊಡಿ.